ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರ: ಬದಲಾದ ಗಡಿ, ಹಂಚಿಹೋದ ಜಿಲ್ಲೆ

ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರದ್ದು 27ನೆಯ ಸ್ಥಾನ. ಹೆಸರು ಜಿಲ್ಲಾ ಕೇಂದ್ರದ್ದಾದರೂ ಕ್ಷೇತ್ರವು ಜಿಲ್ಲೆಯ ಗಡಿಯನ್ನು ಅನುಸರಿಸುವುದಿಲ್ಲ. ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳ ಪೈಕಿ ಗೌರಿಬಿದನೂರು, ಬಾಗೇಪಲ್ಲಿ ಮತ್ತು ಚಿಕ್ಕಬಳ್ಳಾಪುರ ಮಾತ್ರ ಇದರಲ್ಲಿವೆ. ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಮತದಾರರು ಕೋಲಾರ ಮೀಸಲು ಕ್ಷೇತ್ರದ ಸಂಸದರನ್ನು ಆರಿಸುತ್ತಾರೆ. ಇತ್ತ ಚಿಕ್ಕಬಳ್ಳಾಪುರ ಕ್ಷೇತ್ರದ ಉಳಿದ ಐದು ವಿಧಾನಸಭಾ ಕ್ಷೇತ್ರಗಳಾದ ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಮತ್ತು ನೆಲಮಂಗಲಗಳು ಬೆಂಗಳೂರು ನಗರ ಹಾಗೂ ಗ್ರಾಮಾಂತರ ಭಾಗಕ್ಕೆ ಸೇರಿವೆ.

ಈ ವಿಚಿತ್ರ ಹಂಚಿಕೆ ಒಂದೇ ದಿನದಲ್ಲಿ ಆದುದಲ್ಲ. ಸ್ವಾತಂತ್ರ್ಯಾನಂತರದ ಪ್ರತಿಯೊಂದು ಕ್ಷೇತ್ರ ಪುನರ್ವಿಂಗಡಣೆಯೂ ಬಯಲುಸೀಮೆಯ ಈ ಮೂಲೆಯ ಮತದಾರರನ್ನು ಹೊಸ ಗುಂಪಿಗೆ ಸೇರಿಸಿದೆ. ಕೆಲವು ಕ್ಷೇತ್ರಗಳು ಹೆಸರನ್ನೂ ಉಳಿಸಿಕೊಳ್ಳದೆ ಮರೆಯಾಗಿವೆ.

ದ್ವಿಸದಸ್ಯ ಕೋಲಾರದ ಕಾಲ

ಈ ಭಾಗದ ರಾಜಕೀಯ ಜಾಗೃತಿ ಮತಪೆಟ್ಟಿಗೆಗಿಂತ ಹಳೆಯದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಘಟನೆಯು ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಹೋರಾಟಕ್ಕೆ ಬಲ ತಂದಿತು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ. ಚೆಂಗಲರಾಯ ರೆಡ್ಡಿ ಅವರೂ ಅವಿಭಜಿತ ಕೋಲಾರ ಜಿಲ್ಲೆಯವರೇ.

1952ರ ಮೊದಲ ಮಹಾಚುನಾವಣೆಯಲ್ಲಿ ಕೋಲಾರವು ದ್ವಿಸದಸ್ಯ ಕ್ಷೇತ್ರವಾಗಿತ್ತು. ಒಂದೇ ಕ್ಷೇತ್ರದಿಂದ ಇಬ್ಬರು ಆಯ್ಕೆಯಾಗುವ, ಅದರಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಗಿರುವ ವ್ಯವಸ್ಥೆ ಅದು. ಕಾಂಗ್ರೆಸ್ಸಿನ ಎಂ.ವಿ. ಕೃಷ್ಣಪ್ಪ ಮತ್ತು ದೊಡ್ಡತಿಮ್ಮಯ್ಯ ಗೆದ್ದರು. 1957ರಲ್ಲಿ ಕೃಷ್ಣಪ್ಪ ತುಮಕೂರಿಗೆ ಹೋದರು. ಕೋಲಾರದಿಂದ ಚೆಂಗಲರಾಯ ರೆಡ್ಡಿ ಮತ್ತು ದೊಡ್ಡತಿಮ್ಮಯ್ಯ ಆಯ್ಕೆಯಾದರು.

ದ್ವಿಸದಸ್ಯ ಕ್ಷೇತ್ರಗಳು ಅಭ್ಯರ್ಥಿಗಳಿಗೆ ಅತಿ ವಿಶಾಲವಾದುವು, ಮತದಾರರಿಗೆ ಗೊಂದಲಕಾರಿಯಾದುವು ಎಂಬ ಆಕ್ಷೇಪಗಳಿದ್ದವು. 1961ರ ಕಾಯ್ದೆ ಅವನ್ನು ದೇಶಾದ್ಯಂತ ರದ್ದುಗೊಳಿಸಿತು. 1962ರ ಚುನಾವಣೆಗೆ ಕೋಲಾರವು ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರವಾಯಿತು. ಚಿಕ್ಕಬಳ್ಳಾಪುರದ ಹೆಸರಿನಲ್ಲಿ ಪ್ರತ್ಯೇಕ ಕ್ಷೇತ್ರವೊಂದು ಪಟ್ಟಿಗೆ ಸೇರಿತು. ಆದರೆ ಆ ಹೆಸರು ಅಂದು ಉಳಿದದ್ದು ಒಂದೇ ಲೋಕಸಭೆಯ ಅವಧಿಗೆ.

ಬಂದು ಹೋದ ಹೊಸಕೋಟೆ

1967 ಮತ್ತು 1971ರ ಚುನಾವಣೆಗಳಲ್ಲಿ ಚಿಕ್ಕಬಳ್ಳಾಪುರ ಎಂಬ ಲೋಕಸಭಾ ಕ್ಷೇತ್ರ ಇರಲಿಲ್ಲ. ಕೋಲಾರದ ನೆರೆಯಲ್ಲಿ ಹೊಸಕೋಟೆ ಹೆಸರಿನ ಕ್ಷೇತ್ರ ರಚನೆಯಾಗಿತ್ತು. ಇಂದಿನ ತಲೆಮಾರಿನ ಮತದಾರರಲ್ಲಿ ಹೊಸಕೋಟೆಯನ್ನು ವಿಧಾನಸಭಾ ಕ್ಷೇತ್ರವೆಂದು ಬಲ್ಲವರೇ ಹೆಚ್ಚು. ಒಮ್ಮೆ ಅದು ಸಂಸತ್ತಿಗೆ ಸದಸ್ಯರನ್ನು ಕಳುಹಿಸುತ್ತಿದ್ದ ಕ್ಷೇತ್ರವಾಗಿತ್ತು.

ಆ ಎರಡೂ ಚುನಾವಣೆಗಳಲ್ಲಿ ಹೊಸಕೋಟೆಯಿಂದ ಗೆದ್ದವರು ಎಂ.ವಿ. ಕೃಷ್ಣಪ್ಪ. 1977ರಲ್ಲಿ ಹೊಸಕೋಟೆ ಲೋಕಸಭಾ ಕ್ಷೇತ್ರ ಮರೆಯಾಗಿ ಚಿಕ್ಕಬಳ್ಳಾಪುರ ಮತ್ತೆ ಬಂದಾಗ ಅಲ್ಲಿಯೂ ಅವರೇ ಗೆದ್ದರು. ಕೋಲಾರ, ತುಮಕೂರು, ಹೊಸಕೋಟೆ, ಚಿಕ್ಕಬಳ್ಳಾಪುರ ಹೀಗೆ ನಾಲ್ಕು ಹೆಸರಿನ ಕ್ಷೇತ್ರಗಳನ್ನು ಒಬ್ಬರೇ ಪ್ರತಿನಿಧಿಸಿದ್ದು ಅಂದಿನ ಗಡಿ ಬದಲಾವಣೆಗಳಿಗೂ ಸಾಕ್ಷಿ, ಅವರ ಜನಪ್ರಿಯತೆಗೂ ಸಾಕ್ಷಿ. ಕೋಲಾರ ಭಾಗದ ಹೈನುಗಾರಿಕೆಯ ಬೆಳವಣಿಗೆಯೊಂದಿಗೆ ಅವರ ಹೆಸರು ಇಂದಿಗೂ ಬೆಸೆದುಕೊಂಡಿದೆ.

1977ರ ನಂತರ ಗೆದ್ದವರು

1977: ಎಂ.ವಿ. ಕೃಷ್ಣಪ್ಪ (ಕಾಂಗ್ರೆಸ್)
1980: ಎಸ್.ಎನ್. ಪ್ರಸನ್ನಕುಮಾರ್ (ಕಾಂಗ್ರೆಸ್-ಐ)
1984: ವಿ. ಕೃಷ್ಣರಾವ್ (ಕಾಂಗ್ರೆಸ್)
1989: ವಿ. ಕೃಷ್ಣರಾವ್ (ಕಾಂಗ್ರೆಸ್)
1991: ವಿ. ಕೃಷ್ಣರಾವ್ (ಕಾಂಗ್ರೆಸ್)
1996: ಆರ್.ಎಲ್. ಜಾಲಪ್ಪ (ಜನತಾದಳ)
1998: ಆರ್.ಎಲ್. ಜಾಲಪ್ಪ (ಕಾಂಗ್ರೆಸ್)
1999: ಆರ್.ಎಲ್. ಜಾಲಪ್ಪ (ಕಾಂಗ್ರೆಸ್)
2004: ಆರ್.ಎಲ್. ಜಾಲಪ್ಪ (ಕಾಂಗ್ರೆಸ್)
2009: ಎಂ. ವೀರಪ್ಪ ಮೊಯಿಲಿ (ಕಾಂಗ್ರೆಸ್)
2014: ಎಂ. ವೀರಪ್ಪ ಮೊಯಿಲಿ (ಕಾಂಗ್ರೆಸ್)
2019: ಬಿ.ಎನ್. ಬಚ್ಚೇಗೌಡ (ಬಿಜೆಪಿ)
2024: ಡಾ. ಕೆ. ಸುಧಾಕರ್ (ಬಿಜೆಪಿ)

ಕಾಂಗ್ರೆಸ್ಸಿನ ನಾಲ್ಕು ದಶಕ

ಮೇಲಿನ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಾಂಗ್ರೆಸ್ಸಿನ ದೀರ್ಘ ಹಿಡಿತ. 1977ರಿಂದ 2014ರವರೆಗಿನ 11 ಚುನಾವಣೆಗಳಲ್ಲಿ ಆ ಪಕ್ಷ ಸೋತದ್ದು 1996ರಲ್ಲಿ ಮಾತ್ರ. ತುರ್ತುಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ 1977ರಲ್ಲಿಯೂ ಕರ್ನಾಟಕದ 28 ಸ್ಥಾನಗಳ ಪೈಕಿ 26 ಅದರ ಪಾಲಾದವು. ಚಿಕ್ಕಬಳ್ಳಾಪುರ ಆ ಸಾಲಿನಲ್ಲಿಯೇ ಇತ್ತು.

ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರ್ಕಾರವಿದ್ದಾಗಲೂ ಲೋಕಸಭೆಯ ವಿಷಯ ಬಂದಾಗ ಮತದಾರರ ತೀರ್ಮಾನ ಬೇರೆಯಾಗಿರುತ್ತಿತ್ತು. ರಾಮಕೃಷ್ಣ ಹೆಗಡೆ ನೇತೃತ್ವದ ಜನತಾ ಪಕ್ಷದ ಸರ್ಕಾರವಿದ್ದ 1984ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 24 ಸ್ಥಾನಗಳನ್ನು ಗಳಿಸಿತು. ಅಂದು ಚಿಕ್ಕಬಳ್ಳಾಪುರದಿಂದ ಗೆದ್ದ ವಿ. ಕೃಷ್ಣರಾವ್ ಒಟ್ಟು ಸತತ ಮೂರು ಬಾರಿ ಆಯ್ಕೆಯಾದರು. ಪಕ್ಕದ ಕೋಲಾರ ಮಾತ್ರ ಅದೇ ಚುನಾವಣೆಯಲ್ಲಿ ಜನತಾ ಪಕ್ಷದ ವಿ. ವೆಂಕಟೇಶ್ ಅವರನ್ನು ಆರಿಸಿ ಕಾಂಗ್ರೆಸ್ಸಿಗೆ ಆಘಾತ ನೀಡಿತು.

ಜಾಲಪ್ಪ ಯುಗ

ದೊಡ್ಡಬಳ್ಳಾಪುರ ತಾಲ್ಲೂಕಿನವರಾದ ಆರ್.ಎಲ್. ಜಾಲಪ್ಪ 1996ರಲ್ಲಿ ಜನತಾದಳದ ಅಭ್ಯರ್ಥಿಯಾಗಿ ಕಾಂಗ್ರೆಸ್ಸಿನ ಸರಪಳಿಯನ್ನು ತುಂಡರಿಸಿದರು. ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು ಪ್ರಧಾನಿ ಹುದ್ದೆಗೇರಿದ ವರ್ಷವದು. ರಾಜ್ಯದಲ್ಲಿ ಜನತಾದಳ 16 ಸ್ಥಾನಗಳನ್ನು ಗಳಿಸಿತ್ತು. ಜಾಲಪ್ಪ ಕೇಂದ್ರದ ಜವಳಿ ಸಚಿವರಾದರು. ರಾಜ್ಯದ ಹೆಸರಾಂತ ರೇಷ್ಮೆಗೂಡು ಮಾರುಕಟ್ಟೆಯಿರುವ ಶಿಡ್ಲಘಟ್ಟದ ಸೀಮೆಯಲ್ಲಿ ಜವಳಿ ಖಾತೆಗೆ ವಿಶೇಷ ಅರ್ಥವಿತ್ತು.

ಜನತಾದಳ ಒಡೆಯತೊಡಗಿದಾಗ ಜಾಲಪ್ಪ ಕಾಂಗ್ರೆಸ್ ಸೇರಿದರು. 1998, 1999 ಮತ್ತು 2004ರಲ್ಲಿ ಆ ಪಕ್ಷದಿಂದಲೇ ಗೆದ್ದರು. ಪಕ್ಷ ಬದಲಾದರೂ ಕ್ಷೇತ್ರ ಅವರ ಕೈಬಿಡಲಿಲ್ಲ. ನಾಲ್ಕು ಬಾರಿ ಸತತವಾಗಿ ಗೆದ್ದ ಅವರ ದಾಖಲೆಯನ್ನು ಈ ಕ್ಷೇತ್ರದಲ್ಲಿ ಯಾರೂ ಸರಿಗಟ್ಟಿಲ್ಲ. ಕೋಲಾರದ ಬಳಿ ದೇವರಾಜ ಅರಸು ಹೆಸರಿನ ವೈದ್ಯಕೀಯ ಕಾಲೇಜನ್ನು ಕಟ್ಟಿದವರೂ ಅವರೇ. 2021ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು.

ಗಡಿ ಎಳೆದವರ ಲೆಕ್ಕ

ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ರಾಮನಗರದೊಂದಿಗೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ ಎಂಬ ಆರು ತಾಲ್ಲೂಕುಗಳು ಕೋಲಾರದಿಂದ ಬೇರ್ಪಟ್ಟವು. ಅದರ ಮರುವರ್ಷ, 2008ರಲ್ಲಿ, ಹೊಸ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂದಿತು. ಜಿಲ್ಲೆ ಮತ್ತು ಕ್ಷೇತ್ರ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ರೂಪುಗೊಂಡರೂ ಒಂದಕ್ಕೊಂದು ಹೊಂದಲಿಲ್ಲ.

ಕಾರಣ ಸರಳ. ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯನ್ನು ಆಧರಿಸಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿತ್ತು. ಅದರ ಲೆಕ್ಕದಲ್ಲಿ ಇದ್ದದ್ದು ಅವಿಭಜಿತ ಕೋಲಾರ ಜಿಲ್ಲೆ. ವಿಧಾನಸಭಾ ಕ್ಷೇತ್ರಗಳ ಕ್ರಮಸಂಖ್ಯೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 139ನೆಯ ಗೌರಿಬಿದನೂರಿನಿಂದ ಆರಂಭವಾಗಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಎಂದು ಸಾಗಿ 149ನೆಯ ಮಾಲೂರಿನಲ್ಲಿ ಮುಗಿಯುವ ಒಂದೇ ಸಾಲು ಅದು. ಆ ಸಾಲಿನ ಮೊದಲ ಮೂರು ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭೆಗೂ ಉಳಿದ ಎಂಟು ಕೋಲಾರ ಲೋಕಸಭೆಗೂ ಹೋದವು. ತುಂಡರಿಸಿದ ಜಾಗ ಚಿಕ್ಕಬಳ್ಳಾಪುರ ಮತ್ತು ಶಿಡ್ಲಘಟ್ಟಗಳ ನಡುವೆ ಬಿದ್ದಿತು. ಹೊಸ ಜಿಲ್ಲೆಯ ಗಡಿಯಾದರೋ ಚಿಂತಾಮಣಿಯ ಆಚೆಗಿತ್ತು.

ಅದೇ ಪುನರ್ವಿಂಗಡಣೆಯಲ್ಲಿ ಹಳೆಯ ಕೋಲಾರ ಜಿಲ್ಲೆಯ ವಿಧಾನಸಭಾ ಸ್ಥಾನಗಳು 12ರಿಂದ 11ಕ್ಕೆ ಇಳಿದವು. ವೇಮಗಲ್ ಮತ್ತು ಬೇತಮಂಗಲ ಕ್ಷೇತ್ರಗಳು ಅಳಿಸಿಹೋಗಿ ಬಂಗಾರಪೇಟೆ ಮೀಸಲು ಕ್ಷೇತ್ರ ಬಂದಿತು. ವೇಮಗಲ್ ಎಂಬುದು ಸಚಿವರಾಗಿದ್ದ ಸಿ. ಬೈರೇಗೌಡರ ಕರ್ಮಭೂಮಿ. ಅವರ ನಿಧನಾನಂತರ 2003ರ ಉಪಚುನಾವಣೆಯಲ್ಲಿ ಅಲ್ಲಿಂದಲೇ ವಿಧಾನಸಭೆ ಪ್ರವೇಶಿಸಿದ ಕೃಷ್ಣ ಬೈರೇಗೌಡ, ಕ್ಷೇತ್ರವೇ ಇಲ್ಲವಾದಾಗ 2008ರಲ್ಲಿ ಬೆಂಗಳೂರಿನ ಬ್ಯಾಟರಾಯನಪುರಕ್ಕೆ ತೆರಳಿದರು. ಕ್ಷೇತ್ರ ಅಳಿದರೆ ನಾಯಕನಿಗೆ ಬೇರೊಂದು ಊರು ಸಿಗಬಹುದು. ಮತದಾರನಿಗೆ ಆ ಅನುಕೂಲವಿಲ್ಲ.

ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರದಲ್ಲಿಯೂ ಅಷ್ಟೇ ದೊಡ್ಡ ಬದಲಾವಣೆ ಆಯಿತು. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ 2008ರಲ್ಲಿ ಸಾಮಾನ್ಯ ಕ್ಷೇತ್ರವಾಯಿತು. ಗೌರಿಬಿದನೂರು ತಾಲ್ಲೂಕಿಗೆ ಸೇರಿದ್ದ ಮಂಚೇನಹಳ್ಳಿ ಭಾಗವೂ ಇದರಲ್ಲಿ ಸೇರಿತು. ಹೊಸ ಚಿಕ್ಕಬಳ್ಳಾಪುರದಿಂದ ಮೊದಲು ಗೆದ್ದವರು ಜೆಡಿಎಸ್‌ನ ಕೆ.ಪಿ. ಬಚ್ಚೇಗೌಡ.

ವಿಧಾನಸಭೆಗೆ ವ್ಯಕ್ತಿ, ಲೋಕಸಭೆಗೆ ಪಕ್ಷ

ಲೋಕಸಭೆಯಲ್ಲಿ ಒಂದೇ ಪಕ್ಷವನ್ನು ದಶಕಗಳ ಕಾಲ ನೆಚ್ಚಿದ ಈ ಭಾಗ ವಿಧಾನಸಭೆಗೆ ಎಲ್ಲ ಬಣ್ಣದವರನ್ನೂ ಕಳುಹಿಸಿದೆ. ಆಂಧ್ರದ ಗಡಿಗಂಟಿದ ಬಾಗೇಪಲ್ಲಿ ಇದಕ್ಕೆ ಉತ್ತಮ ಉದಾಹರಣೆ. ಅಲ್ಲಿ ಸಿಪಿಎಂನ ಎ.ವಿ. ಅಪ್ಪಾಸ್ವಾಮಿ ರೆಡ್ಡಿ 1983ರಲ್ಲಿ, ಅದೇ ಪಕ್ಷದ ಜಿ.ವಿ. ಶ್ರೀರಾಮರೆಡ್ಡಿ 1994 ಮತ್ತು 2004ರಲ್ಲಿ ಗೆದ್ದರು. ಕರ್ನಾಟಕದಲ್ಲಿ ಎಡಪಕ್ಷ ಇಷ್ಟು ಬಾರಿ ಗೆದ್ದ ಗ್ರಾಮೀಣ ಕ್ಷೇತ್ರಗಳು ವಿರಳ. 2013ರಲ್ಲಿ ಎಸ್.ಎನ್. ಸುಬ್ಬಾರೆಡ್ಡಿ ಪಕ್ಷೇತರರಾಗಿ ಗೆದ್ದು, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನಿಂದ ಆಯ್ಕೆಯಾದರು.

ಗೌರಿಬಿದನೂರಿನಲ್ಲಿ ಎನ್.ಎಚ್. ಶಿವಶಂಕರ ರೆಡ್ಡಿ 1999ರಿಂದ ಸತತ ಐದು ಬಾರಿ ಗೆದ್ದರು. ವಿಧಾನಸಭೆಯ ಉಪಸಭಾಧ್ಯಕ್ಷರೂ ಕೃಷಿ ಸಚಿವರೂ ಆಗಿದ್ದರು. 2023ರಲ್ಲಿ ಆ ಕೋಟೆಯನ್ನು ಒಡೆದವರು ಪಕ್ಷೇತರ ಅಭ್ಯರ್ಥಿ ಕೆ.ಎಚ್. ಪುಟ್ಟಸ್ವಾಮಿಗೌಡ.

ಚಿಂತಾಮಣಿಯ ಚುನಾವಣೆಯಲ್ಲಿ ಮನೆತನಗಳ ಪೈಪೋಟಿಗೆ ಪಕ್ಷಕ್ಕಿಂತ ಹೆಚ್ಚಿನ ತೂಕ. ಆಂಜನೇಯರೆಡ್ಡಿ, ಅವರ ಪುತ್ರ ಮಾಜಿ ಸಚಿವ ಚೌಡರೆಡ್ಡಿ, ಮೊಮ್ಮಗ ಡಾ. ಎಂ.ಸಿ. ಸುಧಾಕರ್ ಹೀಗೆ ಮೂರು ತಲೆಮಾರು ಅಲ್ಲಿಯ ರಾಜಕಾರಣದಲ್ಲಿದೆ. ಸುಧಾಕರ್ 2004 ಮತ್ತು 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2013 ಮತ್ತು 2018ರಲ್ಲಿ ಜೆಡಿಎಸ್‌ನ ಜೆ.ಕೆ. ಕೃಷ್ಣಾರೆಡ್ಡಿ ಗೆದ್ದರು. 2023ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ ಗೆದ್ದ ಸುಧಾಕರ್ ಉನ್ನತ ಶಿಕ್ಷಣ ಸಚಿವರಾದರು.

ಶಿಡ್ಲಘಟ್ಟದಲ್ಲಿ ಕಾಂಗ್ರೆಸ್ಸಿನ ವಿ. ಮುನಿಯಪ್ಪ ದೀರ್ಘಕಾಲ ಪ್ರಮುಖ ನಾಯಕರಾಗಿದ್ದರು. 2008ರಲ್ಲಿ ಅವರು, 2013ರಲ್ಲಿ ಜೆಡಿಎಸ್‌ನ ಎಂ. ರಾಜಣ್ಣ, 2018ರಲ್ಲಿ ಮತ್ತೆ ಮುನಿಯಪ್ಪ, 2023ರಲ್ಲಿ ಜೆಡಿಎಸ್‌ನ ಬಿ.ಎನ್. ರವಿಕುಮಾರ್ ಗೆದ್ದರು. ನಾಲ್ಕು ಚುನಾವಣೆಗಳಲ್ಲಿ ಎರಡು ಪಕ್ಷಗಳು ಸ್ಥಾನವನ್ನು ಸರದಿಯಂತೆ ಹಂಚಿಕೊಂಡಿವೆ.

ಕರಾವಳಿಯ ಸಂಸದ, ಬಯಲಿನ ನೀರು

2009ರಲ್ಲಿ ಹೊಸ ಗಡಿಯ ಚಿಕ್ಕಬಳ್ಳಾಪುರಕ್ಕೆ ಕಾಂಗ್ರೆಸ್ ಕಳುಹಿಸಿದ್ದು ಕರಾವಳಿಯ ಕಾರ್ಕಳದಲ್ಲಿ ರಾಜಕೀಯ ಬೆಳೆಸಿಕೊಂಡ ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿ ಅವರನ್ನು. ಮೊಯಿಲಿ 3,90,500 ಮತ ಪಡೆದು ಬಿಜೆಪಿಯ ಸಿ. ಅಶ್ವತ್ಥನಾರಾಯಣ ಅವರನ್ನು 51,381 ಮತಗಳ ಅಂತರದಿಂದ ಸೋಲಿಸಿದರು. ಮುಂದೆ ಕೇಂದ್ರದ ಕಾನೂನು, ಕಂಪನಿ ವ್ಯವಹಾರ ಮತ್ತು ಪೆಟ್ರೋಲಿಯಂ ಖಾತೆಗಳನ್ನು ನಿರ್ವಹಿಸಿದರು.

ಈ ಕಾಲದಿಂದ ಕ್ಷೇತ್ರದ ಪ್ರತಿಯೊಂದು ಚುನಾವಣೆಯ ಕೇಂದ್ರ ವಿಷಯ ನೀರು. ನಂದಿ ಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿಗಳ ಮೂಲಗಳಿವೆ. ಆದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬತ್ತಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿತು. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ಅವರ ವರದಿಯನ್ನು ಜಾರಿಗೊಳಿಸಿ ಶಾಶ್ವತ ನೀರಾವರಿ ಕಲ್ಪಿಸಬೇಕೆಂದು ಎರಡೂ ಜಿಲ್ಲೆಗಳ ರೈತರು ದೀರ್ಘಕಾಲ ಹೋರಾಡಿದರು.

ಇದಕ್ಕೆ ಸರ್ಕಾರ ನೀಡಿದ ಉತ್ತರ ಎತ್ತಿನಹೊಳೆ ಯೋಜನೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಸಕಲೇಶಪುರದ ಬಳಿ ಎತ್ತಿ ಪೂರ್ವಕ್ಕೆ ಹರಿಸುವ ಈ ಯೋಜನೆಗೆ 2012ರಲ್ಲಿ ಬಿಜೆಪಿ ಸರ್ಕಾರ 8,323.50 ಕೋಟಿ ರೂಪಾಯಿ ಅಂದಾಜಿನಲ್ಲಿ ಒಪ್ಪಿಗೆ ನೀಡಿತು. 2014ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಕಾಂಗ್ರೆಸ್ಸಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ನೆರವೇರಿಸಿದರು. ಯೋಜನೆಯ ಪರವಾಗಿ ಗಟ್ಟಿಯಾಗಿ ನಿಂತವರು ಮೊಯಿಲಿ. ಅವರ ತವರಾದ ಕರಾವಳಿಯಲ್ಲಿ ಅದೇ ಯೋಜನೆಯ ವಿರುದ್ಧ ಪ್ರತಿಭಟನೆಗಳು ನಡೆದವು.

2014ರ ಫಲಿತಾಂಶ ಕ್ಷೇತ್ರದ ಇತಿಹಾಸದಲ್ಲಿಯೇ ರೋಚಕವಾದುದು. ಮೊಯಿಲಿ 4,24,800 ಮತ, ಬಿಜೆಪಿಯ ಬಿ.ಎನ್. ಬಚ್ಚೇಗೌಡ 4,15,280 ಮತ ಪಡೆದರು. ಅಂತರ 9,520. ಮೂರನೆಯ ಸ್ಥಾನದಲ್ಲಿದ್ದವರು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ತ್ರಿಕೋನ ಸ್ಪರ್ಧೆ ಕಾಂಗ್ರೆಸ್ಸನ್ನು ದಡ ಸೇರಿಸಿತು ಎಂದು ಅಂದು ವಿಶ್ಲೇಷಿಸಲಾಯಿತು.

2019ರ ಪಲ್ಲಟ

ಐದು ವರ್ಷಗಳ ನಂತರ ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿದವು. ಕಾಗದದ ಮೇಲಿನ ಲೆಕ್ಕ ಮೊಯಿಲಿಯವರ ಪರವಾಗಿತ್ತು. ಮತಪೆಟ್ಟಿಗೆಯ ಲೆಕ್ಕ ಬೇರೆಯಾಯಿತು. ಬಚ್ಚೇಗೌಡ 7,45,912 ಮತ, ಮೊಯಿಲಿ 5,63,802 ಮತ ಪಡೆದರು. 1,82,110 ಮತಗಳ ಅಂತರದಿಂದ ಬಿಜೆಪಿ ಮೊದಲ ಬಾರಿಗೆ ಈ ಕ್ಷೇತ್ರವನ್ನು ಗೆದ್ದಿತು.

ಚಿಂತಾಮಣಿ ಮತ್ತು ಶಿಡ್ಲಘಟ್ಟಗಳಿರುವ ಕೋಲಾರದಲ್ಲಿಯೂ ಅದೇ ದಿನ ಇತಿಹಾಸ ತಿರುಗಿತು. 1991ರಿಂದ ಸತತ ಏಳು ಬಾರಿ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಅವರನ್ನು ಬಿಜೆಪಿಯ ಎಸ್. ಮುನಿಸ್ವಾಮಿ 2 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. ಒಂದು ಜಿಲ್ಲೆಯ ಎರಡು ತುಂಡುಗಳು ಬೇರೆ ಬೇರೆ ಕ್ಷೇತ್ರಗಳಲ್ಲಿದ್ದರೂ ಗಾಳಿ ಒಂದೇ ದಿಕ್ಕಿನಿಂದ ಬೀಸಿತ್ತು.

2024ರ ಫಲಿತಾಂಶ ಇನ್ನೊಂದು ಪಾಠ ಹೇಳಿತು. ಡಾ. ಕೆ. ಸುಧಾಕರ್ ಚಿಕ್ಕಬಳ್ಳಾಪುರ ತಾಲ್ಲೂಕಿನ ಪೆರೇಸಂದ್ರದವರು. 2013 ಮತ್ತು 2018ರಲ್ಲಿ ಕಾಂಗ್ರೆಸ್ ಶಾಸಕರಾಗಿ, 2019ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಆರೋಗ್ಯ ಸಚಿವರಾಗಿದ್ದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಹೊಸ ಮುಖ ಪ್ರದೀಪ್ ಈಶ್ವರ್ ಎದುರು 10,642 ಮತಗಳಿಂದ ಸೋತರು. ಆ ವರ್ಷ ಲೋಕಸಭಾ ವ್ಯಾಪ್ತಿಯ ಎಂಟು ಕ್ಷೇತ್ರಗಳ ಪೈಕಿ ಐದನ್ನು ಕಾಂಗ್ರೆಸ್, ಎರಡನ್ನು ಬಿಜೆಪಿ, ಒಂದನ್ನು ಪಕ್ಷೇತರರು ಗೆದ್ದಿದ್ದರು. ಒಂದೇ ವರ್ಷದ ಬಳಿಕ ಅದೇ ಸುಧಾಕರ್, ಜೆಡಿಎಸ್ ಬೆಂಬಲದೊಂದಿಗೆ, 8,22,619 ಮತ ಪಡೆದು ಕಾಂಗ್ರೆಸ್ಸಿನ ಎಂ.ಎಸ್. ರಕ್ಷಾ ರಾಮಯ್ಯ ಅವರನ್ನು 1,63,460 ಮತಗಳಿಂದ ಸೋಲಿಸಿದರು. ಕೋಲಾರವು ಮೈತ್ರಿಕೂಟದ ಜೆಡಿಎಸ್ ಅಭ್ಯರ್ಥಿ ಎಂ. ಮಲ್ಲೇಶ್ ಬಾಬು ಅವರ ಪಾಲಾಯಿತು.

1996ರಿಂದ 2024ರವರೆಗಿನ 28 ವರ್ಷ ಚಿಕ್ಕಬಳ್ಳಾಪುರವನ್ನು ಪ್ರತಿನಿಧಿಸಿದ ಜಾಲಪ್ಪ, ಮೊಯಿಲಿ, ಬಚ್ಚೇಗೌಡ ಮೂವರೂ ಇಂದಿನ ಜಿಲ್ಲೆಯ ಹೊರಗಿನವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಎಂಟರಲ್ಲಿ ಐದು ವಿಧಾನಸಭಾ ಕ್ಷೇತ್ರಗಳು ಜಿಲ್ಲೆಯ ಹೊರಗಿರುವಾಗ ಅದು ಅಸಹಜವೂ ಅಲ್ಲ. ಇವುಗಳಲ್ಲಿ ಯಲಹಂಕ 2008ರಿಂದ ಸತತವಾಗಿ ಬಿಜೆಪಿ ಶಾಸಕರನ್ನೇ ಆರಿಸಿದೆ. ಬೆಂಗಳೂರು ಬೆಳೆದಂತೆ ಅಂತಹ ನಗರ ಭಾಗದ ಮತಗಳ ತೂಕವೂ ಬೆಳೆಯುತ್ತದೆ. ಬಾಗೇಪಲ್ಲಿಯ ಕೊಳವೆಬಾವಿಯ ಪ್ರಶ್ನೆ ಮತ್ತು ಯಲಹಂಕದ ಸಂಚಾರದ ಪ್ರಶ್ನೆ ಒಬ್ಬರೇ ಸಂಸದರ ಮುಂದಿರುತ್ತವೆ.

ಮುಂದಿನ ಗೆರೆ

ಎತ್ತಿನಹೊಳೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಉದ್ಘಾಟಿಸಲಾಯಿತು. ಅಷ್ಟರಲ್ಲಿ ಯೋಜನೆಯ ಅಂದಾಜು 23,251.66 ಕೋಟಿ ರೂಪಾಯಿಗೆ ಏರಿತ್ತು. ಈ ನಡುವೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಮತ್ತು ಎಚ್.ಎನ್. ವ್ಯಾಲಿ ಯೋಜನೆಗಳ ಮೂಲಕ ಕೋಲಾರ ಹಾಗೂ ಚಿಕ್ಕಬಳ್ಳಾಪುರದ ಕೆರೆಗಳನ್ನು ತಲುಪಿತು. ಅದರ ಗುಣಮಟ್ಟದ ಬಗ್ಗೆ ರೈತ ಸಂಘಟನೆಗಳು ಆಕ್ಷೇಪ ಎತ್ತಿವೆ. ನೀರಿನ ಪ್ರಶ್ನೆ ಎರಡು ಲೋಕಸಭಾ ಕ್ಷೇತ್ರಗಳಿಗೂ ಒಂದೇ. ಅದನ್ನು ದೆಹಲಿಯಲ್ಲಿ ಕೇಳಬೇಕಾದ ಧ್ವನಿ ಎರಡಾಗಿದೆ.

ಸಂವಿಧಾನದ 84ನೆಯ ತಿದ್ದುಪಡಿಯು ಲೋಕಸಭಾ ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿಯಿತು. 2027ರ ಜನಗಣತಿಗೆ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ದಕ್ಷಿಣದ ರಾಜ್ಯಗಳಿಗೆ ಎಷ್ಟು ಸ್ಥಾನ ಎಂಬ ಚರ್ಚೆಯೇ ಎಲ್ಲೆಡೆ ನಡೆದಿದೆ. ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳ ಪಾಲಿಗೆ ಇನ್ನೊಂದು ಪ್ರಶ್ನೆಯೂ ಇದೆ. ಸ್ಥಾನಗಳ ಸಂಖ್ಯೆಯಷ್ಟೇ ಗಡಿಯ ಗೆರೆಯೂ ಮುಖ್ಯ. ಪುನರ್ವಿಂಗಡಣಾ ಆಯೋಗವು ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಲಿಸುವುದು ಕಾನೂನಿನ ಕ್ರಮ; ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶ ತೀರ ಕಡಿಮೆ. ಜಿಲ್ಲೆಯನ್ನು ಒಂದಾಗಿಸುವ ಬೇಡಿಕೆಯಿರುವವರು ಮಾತನಾಡಬೇಕಾದ ಕಾಲ ಕರಡಿನದು. 2008ರಲ್ಲಿ ಬಿದ್ದ ಗೆರೆ ಮೂರು ಲೋಕಸಭಾ ಚುನಾವಣೆಗಳ ನಂತರವೂ, 2024ರಲ್ಲಿ ನಡೆದ ನಾಲ್ಕನೆಯದರಲ್ಲಿಯೂ, ಇದ್ದಲ್ಲಿಯೇ ಇತ್ತು.